ಆರು ಇಲಿಗಳಿಗೆ ಅರಿಶಿನ

ಸುಮಾರು ಮೂರು ವಾರದ ಹಿಂದೆ ಒಂದು ಶುಕ್ರವಾರ ನಮ್ಮ ಅತ್ತೆ ಇಲಿಗಳಿಗೆ ಅರಿಶಿನ ಹಚ್ಚಿದರು. (ಹೌದು, ನೀವು ಸರಿಯಾಗಿಯೇ ಓದಿದಿರಿ.) ಮುಂದಿನ ಸೋಮವಾರ ನನಗೆ ರೇಡಿಯೇಷನ್ ಶುರುವಾಗುವುದಿತ್ತು. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತೀರಾ? ಆ ದಿನ ಬೆಳಗಿನವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ನನ್ನ ಎದೆಯ ಆಪರೇಷನ್ ಕಥೆ ಈ ಅಂಕಣ ಓದುವವರಿಗೆ ಹಳೆಯದು. ಅದಾದ ಮೇಲೆ ಮೂವತ್ತು ಸಿಟಿಂಗ್ ರೇಡಿಯೇಷನ್ ಎಂದರು. ಗುರುವಾರ ಆಸ್ಪತ್ರೆಯ ಟೆಕ್ನಿಷಿಯನ್ ನನ್ನ ಎದೆಯ ಮೇಲೆ ನೇರಳೆ ಬಣ್ಣದಲ್ಲಿ ಒಂದು ಚೌಕ ಎಳೆದ. ಸೋಪು ಬೇಡ, ಉಜ್ಜಬೇಡಿ, ಗುರುತು ಅಳಿಸಿದರೆ ಕಷ್ಟ ಎಂದ. ಮೇ ತಿಂಗಳ ಮದ್ರಾಸಿನಲ್ಲಿ ಬೆವರಿಗೇ ಅಳಿಸಿಹೋದರೆ? ಅವನು ನಕ್ಕ. ನನಗೆ ನಗು ಬರಲಿಲ್ಲ.

ಇನ್ನು ಇಲಿಗಳ ವಿಷಯ. ಕ್ರೋಂಪೇಟೆಯ ನಮ್ಮ ಮನೆಯ ಮಹಡಿ ರೂಮಿನಲ್ಲಿ ಸುಮಾ ಎಂಬ ಹುಡುಗಿ ಪೇಯಿಂಗ್ ಗೆಸ್ಟ್. ಚನ್ನರಾಯಪಟ್ಟಣದವಳು, ಇಲ್ಲಿಯ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಯಾವ ವಿಷಯ ಎಂದು ಕೇಳಿದರೆ ಬಯಾಲಜಿ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದಳು. ಗುರುವಾರ ಅವರ ಡಿಪಾರ್ಟ್‌ಮೆಂಟಿನಲ್ಲಿ ಪ್ರಾಣಿಗಳನ್ನಿಡುವ ಕೋಣೆಯ ಎ.ಸಿ. ಕೆಟ್ಟಿತು. ಸೆಖೆಗೆ ಇಲಿಗಳು ಸತ್ತರೆ ತನ್ನ ಕೆಲಸವೆಲ್ಲ ನೀರುಪಾಲು ಎಂದು ಹೆದರಿದಳು. ರೂಲ್ಸ್ ಮುರಿದು, ಒಂದು ಡಬ್ಬಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಎಲೆಕ್ಟ್ರಿಕ್ ಟ್ರೇನಿನಲ್ಲಿ (ಅದೂ ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ!) ಮನೆಗೆ ತಂದಳು. ಮಹಡಿ ಕಾಯುತ್ತದೆ, ಕೆಳಗೆ ಹಾಲ್‌ನಲ್ಲಿಡಲೇ ಎಂದಳು. ಇಡು ಎಂದೆ.

ಭತ್ತದ ಹೊಟ್ಟಿನ ಮೇಲೆ ಆರು ಬಿಳಿ ಇಲಿಮರಿಯಂಥವು. ಮೂರರ ತಲೆಯ ಮೇಲೆ ಹಳದಿ ಬೊಟ್ಟು. ಇನ್ನು ಮೂರಕ್ಕೆ ಏನೂ ಇಲ್ಲ.

ಅತ್ತೆಯದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆತನ. ಶುಕ್ರವಾರ ಹೊಸ್ತಿಲಿಗೆ ಅರಿಶಿನ ತಪ್ಪಿದ್ದೇ ಇಲ್ಲ. ಆ ದಿನ ಹೊಸ್ತಿಲಿನ ಕೆಲಸ ಮುಗಿಸಿ, ಬಟ್ಟಲು ಹಿಡಿದುಕೊಂಡೇ ಡಬ್ಬಿಯೊಳಗೆ ಬಗ್ಗಿ ನೋಡಿದ್ದಾರೆ. ಮುಚ್ಚಳ ತೆಗೆದಿದ್ದಾರೆ. ನಾನು ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಆರು ತಲೆಗಳೂ ಹಳದಿ.

"ಪಿಳ್ಳೈಯಾರ್ ವಾಹನ ಅಲ್ವೇನೇ? ಮೂರಕ್ಕೆ ಮಂಜಳ್ ಇಟ್ಟು ಮೂರನ್ನ ಹಾಗೇ ಬಿಟ್ಟಿದಾಳೆ. ಪಾವಂ. ನಾನೇ ಎಲ್ಲಾದಕ್ಕೂ ಇನ್ನೊಂದು ತರಂ ಇಟ್ಟೆ" ಎಂದರು. (ಅತ್ತೆಯ ಕನ್ನಡ ಅರ್ಧ ತಮಿಳು. ಪಿಳ್ಳೈಯಾರ್ ಅಂದರೆ ಗಣಪತಿ, ಮಂಜಳ್ ಅಂದರೆ ಅರಿಶಿನ, ತರಂ ಅಂದರೆ ಸಲ.)

ಸುಮಾ ಕೆಳಗಿಳಿದು ಬಂದಳು. ಕೂಗಾಡಲಿಲ್ಲ. ಡಬ್ಬಿಯ ಪಕ್ಕ ನೆಲದ ಮೇಲೆ ಕುಸಿದು ಕೂತಳು. ಆಗ ವಿಷಯ ಹೊರಬಿತ್ತು. ಮೊದಲಿದ್ದ ಹಳದಿ ಅರಿಶಿನವಲ್ಲ, ಲ್ಯಾಬಿನ ಬಣ್ಣ. ಬೊಟ್ಟಿದ್ದ ಮೂರಕ್ಕೆ ಹನ್ನೆರಡು ದಿನದ ಹಿಂದೆ ರೇಡಿಯೇಷನ್ ಕೊಟ್ಟಿದ್ದರು. ಉಳಿದ ಮೂರಕ್ಕೆ ಕೊಟ್ಟಿರಲಿಲ್ಲ. ನನ್ನ ಆಪರೇಷನ್ ಆದಾಗಿನಿಂದ ಅವಳು ತನ್ನ ವಿಷಯ ಮುಚ್ಚಿಟ್ಟದ್ದು ಇದಕ್ಕೇ.

ಅತ್ತೆ ಓಡಿಹೋಗಿ ನಲ್ಲಿಯ ಕೆಳಗೆ ಕೈ ತಿಕ್ಕತೊಡಗಿದರು. ಏನೂ ಆಗುವುದಿಲ್ಲ ಅಜ್ಜಿ, ಟಾರ್ಚ್ ಆರಿಸಿದ ಮೇಲೆ ಬೆಳಕು ಮೈಗೆ ಅಂಟಿಕೊಂಡಿರುತ್ತಾ ಎಂದು ಸುಮಾ ಸಮಾಧಾನ ಹೇಳಿದಳು. ಇಲಿಗಳು ಒಂದರ ತಲೆ ಒಂದು ನೆಕ್ಕುತ್ತಿದ್ದವು. ಇನ್ನು ಯಾವುದು ಯಾವುದೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

"ಕಾಯ್ಬೇಕು ಆಂಟಿ. ಈ ಡೋಸಿಗೆ ಮೂವತ್ತು ದಿನ ದಾಟೋದು ಕಷ್ಟ. ಡೋಸ್ ಬಿದ್ದಿರೋವು ತಾವೇ ತೋರಿಸ್ತವೆ."

ಸತ್ತು ತೋರಿಸುತ್ತವೆ ಎಂದಲ್ಲವೇ ಅರ್ಥ? ಕೈ ತಾನಾಗಿ ಸೆರಗಿನ ಕೆಳಗಿನ ಚೌಕದ ಮೇಲೆ ಹೋಯಿತು. ಮೂವತ್ತು ದಿನ. ಮೂವತ್ತು ಸಿಟಿಂಗ್. ನಿಜ ಹೇಳುತ್ತೇನೆ, ಕ್ಯಾನ್ಸರ್ ಎಂದಾಗಲೂ ನಾನು ಹಾಗೆ ಹೆದರಿರಲಿಲ್ಲ.

ಮಧ್ಯಾಹ್ನವೆಲ್ಲ ಅವಳನ್ನು ಬಿಡದೆ ಕೇಳಿದೆ. ಎಕ್ಸ್‌ರೇ ಬಂದ ಹೊಸತರಲ್ಲೇ ಮೊಲ, ಗಿನಿಪಿಗ್‌ಗಳನ್ನು ಅದರ ಮುಂದಿಟ್ಟು ನೋಡಿದರಂತೆ. ಅಣುಬಾಂಬು ಬಿದ್ದ ಮೇಲೆ ಹೊರದೇಶದ ಯೂನಿವರ್ಸಿಟಿಗಳಿಗೆಲ್ಲ ಒಂದೇ ಪ್ರಶ್ನೆ. ಒಂದು ದೇಹ ಎಷ್ಟು ತಡೆದೀತು? ಇಲಿಯಿಂದ ನಾಯಿಗೆ, ಹಂದಿಗೆ, ಕೋತಿಗೆ ಹೋದರಂತೆ. ಆಗ ಕೇಳುವವರಿರಲಿಲ್ಲ. ಈಗ ಕಮಿಟಿಯಿದೆ, ಒಂದೊಂದು ಇಲಿಗೂ ಉತ್ತರ ಕೊಡಬೇಕು. ನಿಮ್ಮ ಡಾಕ್ಟರು ಸೇಫ್ ಅಂತಾರಲ್ಲ ಆಂಟಿ, ಅದು ಗೊತ್ತಾಗಿದ್ದು ಹಿಂಗೇ ಎಂದಳು. ನನ್ನ ಮುಖ ನೋಡಿ, ನಿಮಗೆ ಚೂರು ಜಾಗಕ್ಕೆ, ಅದೂ ದಿನಾ ಸ್ವಲ್ಪಸ್ವಲ್ಪ, ಇವಕ್ಕೆ ಒಂದೇ ಸಲ ಮೈಯಿಡೀ ಎಂದು ಸೇರಿಸಿದಳು. ತಲೆಗೆ ಅರ್ಥವಾಯಿತು. ಭಯಕ್ಕೆ ಅರ್ಥವಾಗಬೇಕಲ್ಲ?

ಶನಿವಾರ ಎ.ಸಿ. ಸರಿಹೋಯಿತು. ಸುಮಾ ಡಬ್ಬಿ ವಾಪಸ್ ಒಯ್ದು, ಗೈಡ್ ಹತ್ತಿರ ಎಲ್ಲ ಒಪ್ಪಿಕೊಂಡು ಚೆನ್ನಾಗಿ ಬೈಸಿಕೊಂಡಳು.

ಸೋಮವಾರ ಬೆಳಿಗ್ಗೆ ನಾನು ಹೋಗುವುದಿಲ್ಲ ಎಂದು ಕೂತೆ. ಆಮೇಲೆ ಹೋಗದಿದ್ದರೆ ಏನಾಗುತ್ತದೆಂಬ ಭಯ ಹಿಡಿದು ಎದ್ದೆ. ಹೊರಡುವಾಗ ಅತ್ತೆ ಅರಿಶಿನ ಕುಂಕುಮ ತಂದರು. ಅರಿಶಿನದಲ್ಲಿ ಅದ್ದಿದ ಬೆರಳು ನನ್ನ ಕತ್ತಿನ ಹತ್ತಿರ ಬಂದು ನಿಂತುಬಿಟ್ಟಿತು. ಬಟ್ಟಲನ್ನು ಕೆಳಗಿಟ್ಟು, ಒಳಗೆ ಹೋದರು.

ಅಂದಿನಿಂದ ಶನಿವಾರ ಭಾನುವಾರ ಬಿಟ್ಟು ದಿನಾ ಆಸ್ಪತ್ರೆ. ಡಾಕ್ಟರು ಫೈಲಿನಿಂದ ತಲೆಯೆತ್ತದೆ "ಎಲ್ಲ ನಾರ್ಮಲ್" ಎನ್ನುತ್ತಾರೆ. ದಿನಾ ಸಂಜೆ ಸುಮಾ ಗೇಟು ತೆರೆಯುವ ಸದ್ದಾದರೆ ನಾನು ಬಾಗಿಲಿಗೆ ಬರುತ್ತೇನೆ. ಎಷ್ಟಿವೆ ಎಂದು ಕೇಳುತ್ತೇನೆ. ಆರು ಆಂಟಿ ಎನ್ನುತ್ತಾಳೆ. ಆ ಒಂದು ಮಾತಿನ ಮೇಲೆ ನನಗೆ ಅಷ್ಟೋ ಇಷ್ಟೋ ನಿದ್ದೆ.

ನಿನ್ನೆ ನನ್ನ ಹನ್ನೆರಡನೇ ಸಿಟಿಂಗ್. ಡೋಸ್ ಬಿದ್ದ ಇಲಿಗಳ ಮೂವತ್ತನೇ ದಿನವೂ ನಿನ್ನೆಯೇ. ಸುಮಾ ಬಗ್ಗಿ ಚಪ್ಪಲಿಯ ಬಕಲ್ ಬಿಚ್ಚುತ್ತಾ, ಮುಖ ಎತ್ತದೆ, "ಆರೂ ಇದಾವೆ ಆಂಟಿ" ಎಂದಳು.

ಈ ಹುಡುಗಿ ಎಷ್ಟು ದಿನದಿಂದ ನನಗೆ ಸುಳ್ಳು ಹೇಳುತ್ತಿದ್ದಾಳೆ?