ಬೆರಳು ತೋರ್ಸು

ಅವರ ಕಣ್ಣು ಮೊದಲು ಹೋಗುತ್ತಿದ್ದದ್ದು ಎದುರಿಗಿದ್ದವರ ಕೈಗೆ, ಮುಖಕ್ಕಲ್ಲ. ತಲೆ ಒಂದಿಷ್ಟು ಬಗ್ಗಿಸಿ, ಕನ್ನಡಕದ ಮೇಲಿನಿಂದ, ರೆಪ್ಪೆ ಬಡಿಯದೆ ನೋಡುವರು. ಮದುವೆಮನೆಯಲ್ಲಿ ಯಾರಾದರೂ ಕೈಮುಗಿದರೂ ಆ ಅಂಗೈಗಳ ನಡುವೆ ಏನಿದೆ ಎಂದು ನೋಡಿ ಆಮೇಲೆ ತಾವು ಮುಗಿಯುತ್ತಿದ್ದರು. ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿದ ಅಭ್ಯಾಸ. ಕುಮಾರಸ್ವಾಮಿ ಲೇಔಟಿನ ನಮ್ಮ ಬೀದಿಗೆಲ್ಲ ಅವರು ಚೆಕಿಂಗ್ ಅಂಕಲ್.

ಮೊಸರಿನಲ್ಲಿ ಕಲ್ಲು ಹುಡುಕುವ ಮನುಷ್ಯ. ಹಾಲಿನವನ ಅಳತೆ, ಗ್ಯಾಸಿನವನ ಸೀಲು, ಪುರೋಹಿತರು ತಂದ ಪಂಚಾಂಗ ಈ ವರ್ಷದ್ದೇ ಹೌದೋ ಅಲ್ಲವೋ, ಎಲ್ಲದರ ಮೇಲೂ ಅನುಮಾನ. ಪುಕ್ಸಟ್ಟೆ ಎಂಬ ಮಾತು ಕಿವಿಗೆ ಬಿದ್ದರಂತೂ ಮೈಯೆಲ್ಲ ಕಣ್ಣು. "ಪುಕ್ಸಟ್ಟೆ ಅಂದ್ರೆ ಟಿಕೆಟ್ ಇಲ್ಲ ಅಂತಲ್ಲಮ್ಮ, ನಿನಗೆ ಕಾಣದ ಕಡೆ ಹರೀತಾರೆ ಅಂತ," ಎನ್ನುತ್ತಿದ್ದರು.

ನಾನು ಅವರಿಗೆ ಸಿಕ್ಕಿಬಿದ್ದದ್ದು ಡಿಗ್ರಿ ಓದುವಾಗ. ಶನಿವಾರ ಕಂಪ್ಯೂಟರ್ ಕ್ಲಾಸ್ ಎಂದು ಮನೆಯಲ್ಲಿ ಹೇಳಿ ಬಿಟಿಎಂ ಲೇಔಟಿಗೆ ಮ್ಯಾಂಡೊಲಿನ್ ಕಲಿಯಲು ಹೋಗುತ್ತಿದ್ದೆ. ಮೇಷ್ಟ್ರು ಮದುವೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. ಆರ್ಕೆಸ್ಟ್ರಾ ಸಹವಾಸ ಎಂದು ಗೊತ್ತಾಗಿದ್ದರೆ ನಮ್ಮಪ್ಪ ಕಾಲು ಮುರಿದು ಮನೆಯಲ್ಲಿ ಕೂರಿಸುತ್ತಿದ್ದರು. ಒಂದು ದಿನ ಬಸ್ಸು ಹತ್ತಿದ ಚೆಕಿಂಗ್‌ನವರು ನೋಡಿದರೆ ಪಕ್ಕದ ಮನೆಯವರೇ! ಟಿಕೆಟ್ ನನ್ನ ಕೈಯಲ್ಲೇ ಇತ್ತು. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತೊಡೆ ಮೇಲಿದ್ದ ಮ್ಯಾಂಡೊಲಿನ್ ಪೆಟ್ಟಿಗೆಯನ್ನು ದುಪಟ್ಟಾದಲ್ಲಿ ಮುಚ್ಚಿದೆ.

"ಯಾರ್ದಮ್ಮ ಅದು?"

"ಫ್ರೆಂಡ್‌ದು ಅಂಕಲ್."

"ಬೆರಳು ತೋರ್ಸು."

ಎಡಗೈ ಚಾಚಿದೆ. ತಂತಿ ಒತ್ತಿ ಒತ್ತಿ ತುದಿಗಳು ಜಡ್ಡುಗಟ್ಟಿದ್ದವು. ಟಿಕೆಟ್ ಮೇಲೆ ಗೀಟು ಹಾಕುವ ಪೆನ್ನಿನ ಕ್ಯಾಪಿನಿಂದ ಒಂದೊಂದನ್ನೂ ಒತ್ತಿ ನೋಡಿದರು. "ವಾದ್ಯ ಫ್ರೆಂಡ್‌ದು, ಜಡ್ಡು ಮಾತ್ರ ನಿಂದಾ?" ಎಂದು ಕೇಳಿ ಮುಂದಿನ ಸೀಟಿಗೆ ಹೋದರು.

ಮರು ಶನಿವಾರ ಮೇಷ್ಟ್ರ ಮನೆ ಬಾಗಿಲಲ್ಲೇ ಪ್ರತ್ಯಕ್ಷ. ಮೇಷ್ಟ್ರ ಬೆರಳನ್ನೂ ಪೆನ್ನಿನಿಂದ ಒತ್ತಿ ನೋಡಿದರು, ಅವರ ಹೆಂಡತಿಯನ್ನು ಮಾತಾಡಿಸಿದರು, ಕಾಫಿ ಕೊಟ್ಟರೆ ಬೇಡ ಎಂದರು. ಈ ಮನುಷ್ಯನಿಗೆ ನನ್ನಿಂದ ಏನಾಗಬೇಕು ಎಂದು ನನಗೂ ಅನುಮಾನ. ಅಪ್ಪನಿಗೆ ಯಾವತ್ತು ಹೇಳುತ್ತಾರೋ ಎಂಬ ಭಯಕ್ಕೆ ವಾರವೆಲ್ಲ ಅನ್ನ ಸೇರಲಿಲ್ಲ. ಕೊನೆಗೆ ಚಾಡಿ ಹೇಳಿದವರು ಬೇರೆ ಯಾರೋ, ನಿಮ್ಮ ಮಗಳು ಬಿಟಿಎಂನಲ್ಲಿ ಇಳಿಯುತ್ತಾಳೆ ಎಂದು. ಅಪ್ಪ ವರಾಂಡದಲ್ಲೇ ನನ್ನನ್ನು ಗದರತೊಡಗಿದಾಗ ಕಾಂಪೌಂಡಿನ ಆಚೆಯಿಂದ ಅಂಕಲ್ ದನಿ ಬಂತು.

"ಆ ಜಾಗ ನಾನು ಚೆಕ್ ಮಾಡಿದೀನಿ ಸ್ವಾಮಿ. ಸರಿಯಾಗಿದೆ."

ಅಪ್ಪ ಒಳಗೆ ಹೋದರು. ಯಾರನ್ನೂ ನಂಬದವರು ಸರಿಯಾಗಿದೆ ಎಂದ ಮೇಲೆ ಇನ್ನೇನು ಕೇಳುವುದು?

ನನಗೆ ಮಾತ್ರ ಬೇರೆ ಹೇಳಿದರು. "ಇದು ತಿಂಗಳ ಪಾಸ್ ಅಷ್ಟೆ. ರಿನ್ಯೂ ಮಾಡಿಸ್ಬೇಕು." ಪ್ರತಿ ತಿಂಗಳ ಕೊನೆಯ ಭಾನುವಾರ ಅವರ ವರಾಂಡದಲ್ಲಿ ಹಾಜರಾಗುತ್ತಿದ್ದೆ. ಆಂಟಿ ಕೋಡುಬಳೆ ತರುವರು, ಅಂಕಲ್ ಪೆನ್ನು ತೆಗೆಯುವರು. ರಾಗ ತಾಳ ಒಂದೂ ತಿಳಿಯದ ಅವರಿಗೆ ಜಡ್ಡೇ ಸಾಕ್ಷಿ. ಅಪ್ಪನಿಗೆ ನಾನಾಗಿ ನಿಜ ಹೇಳಿದ್ದು ಎರಡು ವರ್ಷ ಕಳೆದ ಮೇಲೆ.

ಮದುವೆಯಾಗಿ ಹೋದದ್ದು ಎರಡೇ ಬೀದಿ ಆಚೆಗೆ. ಆದರೂ ಕೆಲಸ, ಮಗಳು, ಮನೆ ಎಂದು ಮ್ಯಾಂಡೊಲಿನ್ ಅಟ್ಟ ಸೇರಿತು, ಬೆರಳು ಮೆತ್ತಗಾದವು. ಬೆರಳು ತೋರ್ಸು ಎಂದು ಅಂಕಲ್ ಕೇಳುವುದನ್ನೇ ಬಿಟ್ಟರು. ಬೈದಿದ್ದರೆ ವಾಸಿಯಿತ್ತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಆಫೀಸಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮೂವರು ಬ್ಲೂಗ್ರಾಸ್ ಎಂಬ ಅಮೆರಿಕದ ಗುಡ್ಡಗಾಡಿನ ಸಂಗೀತ ನುಡಿಸುತ್ತಾರೆ, ಅದಕ್ಕೆ ಮ್ಯಾಂಡೊಲಿನ್ ಬೇಕೇ ಬೇಕು ಎಂದು ತಿಳಿದ ಮೇಲೆ ವಾದ್ಯ ಮತ್ತೆ ಕೆಳಗಿಳಿಯಿತು. ವರ್ಷವೊಂದು ಕಳೆಯುವಷ್ಟರಲ್ಲಿ ಜೆ.ಪಿ. ನಗರದ ಮೈದಾನದಲ್ಲಿ ಬ್ಲೂಗ್ರಾಸ್ ಮತ್ತು ಕಂಟ್ರಿ ಸಂಗೀತದ ಉಚಿತ ಉತ್ಸವ, ನಮಗೂ ಅರ್ಧ ಗಂಟೆ. ಅಂಕಲ್ ಬಂದು ಕೇಳಬೇಕು, ನನಗೆ ಬೇಕಿದ್ದದ್ದು ಅದೊಂದೇ.

"ಕಂಟ್ರಿ ಅಂದ್ರೆ ಸಾರಾಯಿ ಅಲ್ವೇನಮ್ಮ?"

"ಅಯ್ಯೋ, ಅಲ್ಲ ಅಂಕಲ್. ಹಳ್ಳಿ ಹಾಡು."

"ಅಮೆರಿಕದ ಹಳ್ಳಿ ಹಾಡಿಗೆ ಇಲ್ಲಿ ಪುಕ್ಸಟ್ಟೆ ಪೆಂಡಾಲು ಯಾರು ಹಾಕಿಸ್ತಾರೆ? ಏನು, ರಾಮನವಮಿನಾ?"

ಬಂದರು. ಬಂದವರು ಗೇಟಿನಲ್ಲೇ ನಿಂತುಬಿಟ್ಟರು. "ಟಿಕೆಟ್ ಎಲ್ಲಿ?"

"ಫ್ರೀ ಅಂಕಲ್. ಫೋನ್ ನಂಬರ್ ಕೊಟ್ಟು ಹೋಗಿ," ಎಂದಳು ಗೇಟಿನ ಹುಡುಗಿ.

"ನೋಡಿದ್ಯಾ? ಇಲ್ಲಿ ಹರೀತಾರೆ," ಎಂದು ನನ್ನ ಕಡೆ ತಿರುಗಿದರು. "ಟಿಕೆಟ್ ಇಲ್ದೋರನ್ನ ಜೀವಮಾನವೆಲ್ಲ ಕೆಳಗಿಳಿಸಿದೀನಿ. ಈಗ ನಾನೇ ಇಲ್ದೆ ಹತ್ಲಾ?"

ನಂಬರ್ ನಾನು ಕೊಟ್ಟಿದ್ದೆ. ಗೊಟ್ಟಿಗೆರೆಯಲ್ಲಿ ಸೈಟ್ ಬೇಕಾ ಮೇಡಂ ಎಂದು ಇವತ್ತಿಗೂ ಫೋನು ಬರುತ್ತದೆ.

ವೇದಿಕೆಯಿಂದ ನಮ್ಮ ತಂಡವನ್ನು ಕರೆಯುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹಾಡಿನ ಪಟ್ಟಿ ಬರೆದ ಹಾಳೆಯ ತುದಿ ಹರಿದು "ಒಬ್ಬರಿಗೆ ಪ್ರವೇಶ" ಎಂದು ಗೀಚಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, "ಸೀಲ್ ಇಲ್ಲ," ಎಂದರು.

"ಅಂಕಲ್, ನಿಮ್ಮ ದಮ್ಮಯ್ಯ!" ಎಂದು ಕೈಮುಗಿದೆ. ಅವರ ಕಣ್ಣು ಎಂದಿನಂತೆ ಕೈಗೆ ಹೋಯಿತು.

"ಬೆರಳು ತೋರ್ಸು."

ಜೇಬಿನಿಂದ ಪೆನ್ನು ಬಂತು. ನಾಲ್ಕು ಬೆರಳನ್ನೂ ಎರಡೆರಡು ಸಲ ಒತ್ತಿದರು. "ಪಾಸ್ ಚಾಲ್ತೀಲಿದೆ," ಎಂದು ನನ್ನ ಚೀಟಿಗೆ ತಾವೇ ಗೀಟು ಹಾಕಿ ಒಳಗೆ ನಡೆದರು. ಮೊದಲ ಸಾಲಿನಲ್ಲಿ, ಹುಲ್ಲಿನ ಮೇಲೆ, ಚಪ್ಪಲಿಯನ್ನು ತೊಡೆಯಡಿ ಇಟ್ಟುಕೊಂಡು ಕೂತರು. ಈ ಸಂಗೀತದಲ್ಲಿ ಎಲ್ಲರೂ ಒಂದೇ ಮೈಕಿನ ಸುತ್ತ ನಿಂತು, ಸರದಿ ಬಂದವರು ಮುಂದೆ ಬಂದು ನುಡಿಸುತ್ತಾರೆ. ನುಡಿಸಿದಷ್ಟು ಹೊತ್ತೂ ಅವರ ನೋಟ ನನ್ನ ಎಡಗೈ ಬಿಟ್ಟು ಕದಲಲಿಲ್ಲ.

ಮನೆಗೆ ಬಸ್ಸಿನಲ್ಲಿ ಬಂದೆವು. ಹೆಂಗಸರಿಗೆ ಈಗ ಬಸ್ಸು ಉಚಿತ, ಆದರೂ ಕಂಡಕ್ಟರು ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. "ನೋಡು, ಪುಕ್ಸಟ್ಟೆ ಆದ್ರೂ ಟಿಕೆಟ್ ಕೊಡ್ತಾರೆ. ಅದು ಮರ್ಯಾದೆ," ಎಂದರು. "ನಾಲ್ಕು ಜನಕ್ಕೆ ಒಂದು ಮೈಕು. ಎಲ್ಲಿ ಉಳಿಸಿದ್ರು ಅಂತ ಗೊತ್ತಾಯ್ತು," ಎಂದರು. ಆಮೇಲೆ ದನಿ ತಗ್ಗಿಸಿದರು. "ಮೂರನೇ ಹಾಡಲ್ಲಿ ನಿನ್ನ ಸರದಿ ಬಂತಲ್ಲ, ಅಲ್ಲಿ ಬೆರಳು ಓಡ್ತು, ತಂತಿ ಒತ್ಲಿಲ್ಲ. ಟಿಕೆಟ್ ಇಲ್ದೆ ಒಂದು ಸ್ಟಾಪ್ ಹೋದೆ ನೀನು."

ನಿಜ. ವೇಗದ ಆ ತುಣುಕು ಕೈಗೆ ಹತ್ತದೆ, ಸುಮ್ಮನೆ ಬೆರಳಾಡಿಸಿ ದಾಟಿಸಿದ್ದೆ. ತಂಡದವರಿಗೇ ಗೊತ್ತಾಗಿರಲಿಲ್ಲ.

"ಮುಂದಿನ್ ಸಲ ನೋಡ್ತೀನಿ," ಎಂದರು.

ಮುಂದಿನ ಸಲಕ್ಕೆ ಅವರಿರಲಿಲ್ಲ. ಅಷ್ಟು ತಿಂಗಳೂ ದಿನಾ ಕೂತು ಆ ತುಣುಕನ್ನು ತಿದ್ದಿದ್ದೆ. ಅದು ಕೈಗೆ ಕೂತ ವಾರವೇ ಹೋಗಿಬಿಟ್ಟರು. ಅದೇ ವರಾಂಡದಲ್ಲಿ ಮಲಗಿಸಿದ್ದರು. ಬಂದವರೆಲ್ಲ ಕೈಮುಗಿದು ಹೋಗುತ್ತಿದ್ದರು. ನಾನು ಹತ್ತಿರ ಹೋದವಳು ಅಭ್ಯಾಸಬಲದಿಂದ ಎಡಗೈ ಚಾಚಿ ನಿಂತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಆಂಟಿ ಅದನ್ನು ನೋಡಿದರು. ನನ್ನ ಬೆರಳುಗಳನ್ನು ಹಿಡಿದು ತುದಿಗಳನ್ನು ಒಂದೊಂದಾಗಿ ಒತ್ತಿದರು. ಆಮೇಲೆ ಅಂಕಲ್ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ನಾನು ಚೆಕ್ ಮಾಡಿದೀನಿ ರೀ. ಸರಿಯಾಗಿದೆ."