‘ನೀ ಹೋಗು ಮಾರಾಯ’

ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ನಾನು ಚಿಕ್ಕಮಗಳೂರಿನ ಸೆಷನ್ಸ್ ನ್ಯಾಯಾಲಯದಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಾದಿಸುವ ವಕೀಲೆ. ನಿವೃತ್ತಿ ಹತ್ತಿರವಾಗಿತ್ತು. ಇನ್ನು ದೊಡ್ಡ ಕೇಸು ಯಾವುದೂ ಬರದಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ಆ ಹೊತ್ತಿಗೇ ಬಾಳೂರು ಕಡೆಯ ಕಡತ ನನ್ನ ಮೇಜಿಗೆ ಬಂತು.

ಸತ್ತವನು ಸೋಮ್ರಾ, ಜಾರ್ಖಂಡಿನವನು, ಇಪ್ಪತ್ತಾರು ವರ್ಷ. ಎಸ್ಟೇಟೊಂದರಲ್ಲಿ ಏಣಿ ಹಾಕಿ ಕಾಳುಮೆಣಸು ಕೊಯ್ಯುವ ಕೆಲಸ. ಒಂದು ಮಧ್ಯಾಹ್ನ ಅವನೂ ಸ್ಥಳೀಯ ಕೂಲಿ ಸುಂದರನೂ, ಮೇಸ್ತ್ರಿಯ ಅಪ್ಪಣೆಯಂತೆ, ಒಂದು ಮೂಟೆ ಹಸಿ ಮೆಣಸನ್ನು ಒಣಗಿಸುವ ಕಣಕ್ಕೆ ಒಯ್ಯುತ್ತಿದ್ದರು. ಜೀಪಿನಲ್ಲಿ ಬಂದ ಸುತ್ತಲ ಊರಿನ ಐವರು ಅಡ್ಡಹಾಕಿ ಮೆಣಸು ಕದ್ದಿದ್ದೀರಿ ಎಂದರು. ಸುಂದರನನ್ನು ಕಳಿಸಿಕೊಟ್ಟರು. ಸೋಮ್ರಾನನ್ನು ಮರಕ್ಕೆ ಕಟ್ಟಿ ಹೊಡೆದರು. ಮೂಡಿಗೆರೆ ಆಸ್ಪತ್ರೆ ತಲುಪುವ ಮೊದಲೇ ಅವನ ಜೀವ ಹೋಗಿತ್ತು.

ಹೊಡೆದದ್ದನ್ನು ಆರೋಪಿಗಳು ಅಲ್ಲಗಳೆಯಲಿಲ್ಲ. ಕಳ್ಳನೆಂಬ ಸಿಟ್ಟಿನಲ್ಲಿ ಕೈ ಮೀರಿತು, ಕೊಲ್ಲುವ ಉದ್ದೇಶವಿರಲಿಲ್ಲ ಎಂಬುದು ಅವರ ವಾದ. ಹೊಸ ಸಂಹಿತೆಯಲ್ಲಿ ಒಂದು ಕಲಂ ಇದೆ: ಐದು ಅಥವಾ ಹೆಚ್ಚು ಜನ ಸೇರಿ ಒಬ್ಬನ ಜನಾಂಗ, ಜಾತಿ, ಹುಟ್ಟಿದ ಊರು, ಭಾಷೆ ಇಂಥ ಕಾರಣಕ್ಕೆ ಕೊಲೆ ಮಾಡಿದರೆ ಜೀವಾವಧಿ ಇಲ್ಲವೇ ಮರಣದಂಡನೆ. ಕೊಂದದ್ದನ್ನು ತೋರಿಸಿದರೆ ಸಾಲದು, ಏಕೆ ಕೊಂದರು ಎಂಬುದನ್ನೂ ತೋರಿಸಬೇಕು. ಅದಕ್ಕೆ ನನಗಿದ್ದ ಸಾಕ್ಷಿ ಸುಂದರ ಒಬ್ಬನೇ.

ಸೋಮ್ರಾನ ಹೆಂಡತಿ ಫೂಲ್ಮಣಿ ಅದೇ ಎಸ್ಟೇಟಿನಲ್ಲಿದ್ದಳು. ನಾಲ್ಕು ವರ್ಷದ ಕೂಲಿಯಲ್ಲಿ ನಮ್ಮ ಕನ್ನಡ ಕಲಿತಿದ್ದಳು. ವಿಚಾರಣೆಗೆ ಮೊದಲು ನನ್ನ ಕೊಠಡಿಗೆ ಬಂದು ಒಂದೇ ಮಾತು ಕೇಳಿದಳು:

“ಮೇಡಂ, ಅವ್ರು ಕಳ್ಳ ಅಲ್ಲ ಅಂತ ಕೋರ್ಟಲ್ಲಿ ಬರೀಬೇಕು. ಊರಲ್ಲಿ ಅತ್ತೆಗೆ ತೋರಿಸ್ಬೇಕು.”

ಬರೆಸುತ್ತೇನೆ ಎಂದು ಮಾತು ಕೊಟ್ಟೆ. ವಕೀಲರು ಕೊಡಬಾರದ ಮಾತು ಅದು, ಆದರೂ ಕೊಟ್ಟೆ.

ಸುಂದರ ಸಾಕ್ಷಿಕಟ್ಟೆ ಹತ್ತಿದ ದಿನ ನಾನೇ ಎಡವಿದೆ. “ಆರೋಪಿಗಳು ಅವನ ಜಾತಿ, ಊರು ಎತ್ತಿ ಬೈದರೇ?” ಎಂದು ಕೇಳಿದೆ.

“ಇಲ್ಲಮ್ಮ, ಬೈಲಿಲ್ಲ. ‘ಏ ಬಂಗ್ಲಾ’ ಅಂದ್ರು ಅಷ್ಟೆ.”

ಎದುರು ವಕೀಲರ ಮುಖ ಅರಳಿತು. ಸುಂದರ ಸುಳ್ಳು ಹೇಳಿರಲಿಲ್ಲ. ಉತ್ತರದಿಂದ ಬಂದ ಕೂಲಿಗಳನ್ನೆಲ್ಲ, ಬಾಂಗ್ಲಾದೇಶದಿಂದ ನುಸುಳಿ ಬಂದವರೆಂಬಂತೆ, ನಮ್ಮ ಕಡೆ ಕರೆಯುವುದೇ ಹಾಗೆ, ಅವನೂ ಹಾಗೇ ಕರೆಯುತ್ತಿದ್ದ. ಅದು ಬೈಗುಳವೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ನನ್ನ ಕಡತದ ರಟ್ಟಿನ ಮೇಲೆ ಗುಮಾಸ್ತ ‘ಬಂಗ್ಲಾ ಕೇಸ್’ ಎಂದು ಬರೆದಿದ್ದ. ವಾರಗಟ್ಟಲೆ ಅದನ್ನು ನೋಡುತ್ತಾ ನಾನು ಸುಮ್ಮನಿದ್ದೆ.

ನಂತರ ಪಾಟೀಸವಾಲು. ಅಲ್ಲಿಗೇ ಕೂತುಬಿಟ್ಟಿದ್ದರೆ ಎದುರು ವಕೀಲರು ಗೆದ್ದಿರುತ್ತಿದ್ದರೋ ಏನೋ. ಗೆಲುವಿನ ಹುಮ್ಮಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಹಾಕಿದರು.

“ಅವನ ಹತ್ತಿರ ಮೂಟೆ ಇದ್ದದ್ದರಿಂದಲೇ ಕಳ್ಳನೆಂಬ ಅನುಮಾನ ಬಂತು, ಹೌದಲ್ಲವೇ?”

ಸುಂದರ ತಲೆ ತಗ್ಗಿಸಿದ. “ಮೂಟೆ ಅವನ ಹತ್ರ ಇರ್ಲಿಲ್ಲ ಸ್ವಾಮಿ. ತಿರುವಿನ ತನಕ ಅವ ಹೊತ್ತಿದ್ದ, ಆಮೇಲೆ ನಾನು ಹೊತ್ತೆ. ಜೀಪು ಬಂದಾಗ ನನ್ನ ತಲೆ ಮೇಲಿತ್ತು. ಅವನ ಕೈ ಖಾಲಿ.”

“ಮತ್ತೆ ನಿನ್ನನ್ನು ಯಾಕೆ ಬಿಟ್ಟರು?” ಎಂದು ನ್ಯಾಯಾಧೀಶರೇ ಕೇಳಿದರು.

“ನನ್ನ ಮುಖ ನೋಡಿ ‘ನೀ ಹೋಗು ಮಾರಾಯ’ ಅಂದ್ರು ಸ್ವಾಮಿ. ಮೂಟೆ ಸಮೇತ ಬಂದೆ.”

ಕೋರ್ಟಿನಲ್ಲಿ ಸಾಕ್ಷಿಯ ಮಾತು ಹೇಳಿದ ಹಾಗೇ ದಾಖಲಾಗುವುದು ಅಪರೂಪ. ಅದನ್ನು ಗ್ರಾಂಥಿಕಕ್ಕೆ ತಿದ್ದಿ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ‘ಆರೋಪಿಗಳು ನನಗೆ ಹೋಗಲು ತಿಳಿಸಿದರು’ ಎಂಬ ಸಾಲು ಮೂಡಿತು. ನಾನು ಎದ್ದು ನಿಂತೆ.

“ಸ್ವಾಮಿ, ‘ಮಾರಾಯ’ ಎಂಬ ಪದ ಹಾಗೇ ದಾಖಲಾಗಬೇಕು. ನಮ್ಮ ಕಡೆ ಅದನ್ನು ನಮ್ಮವರಿಗೆ ಮಾತ್ರ ಹೇಳುತ್ತೇವೆ. ಒಂದೇ ದಾರಿ, ಒಂದೇ ಮೂಟೆ, ಒಂದೇ ಆರೋಪ. ಮೂಟೆ ಹೊತ್ತವನು ಮಾರಾಯ, ಬರಿಗೈಯವನು ಬಂಗ್ಲಾ. ಇದಕ್ಕಿಂತ ಬೇರೆ ಕಾರಣ ಬೇಕೇ?”

ಎದುರು ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ಆಕ್ಷೇಪವನ್ನು ತಳ್ಳಿಹಾಕಿ, ಸಾಲನ್ನು ಅಳಿಸಿ ಸಾಕ್ಷಿ ಹೇಳಿದಂತೆಯೇ ಬರೆಸಿದರು.

ಹೊರಗೆ ವರಾಂಡದಲ್ಲಿ ಸುಂದರ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರೆ, ಅವನಿಗೆ ಆ ಆಯುಷ್ಯ ಭಾರವಾಗಿತ್ತು. “ಅವ್ರು ಮಾರಾಯ ಅಂದಾಗ ನಂಗೆ ಸಮಾಧಾನ ಆಯ್ತಮ್ಮ. ಅದಕ್ಕೇ ತಿರುಗಿ ನೋಡ್ದೆ ಹೋದೆ” ಎಂದ.

ಆ ಕಲಮಿನ ಅಡಿಯಲ್ಲೇ ಐವರಿಗೂ ಜೀವಾವಧಿ ಶಿಕ್ಷೆಯಾಯಿತು. ‘ಮೃತನು ಕಳ್ಳನಾಗಿರಲಿಲ್ಲ, ಅವನ ಕೈಗಳು ಬರಿದಾಗಿದ್ದವು’ ಎಂಬ ಸಾಲು ತೀರ್ಪಿನಲ್ಲಿತ್ತು. ತೀರ್ಪಿನ ಪ್ರತಿ ಕೈಗೆ ಬಂದ ದಿನ ಫೂಲ್ಮಣಿಯನ್ನು ಕರೆಸಿ ಅದನ್ನು ಎರಡು ಸಲ ಓದಿ ಹೇಳಿದೆ. ಕೊಟ್ಟ ಮಾತು ಉಳಿಸಿಕೊಂಡೆನೆಂಬ ಹೆಮ್ಮೆ ನನ್ನ ದನಿಯಲ್ಲಿ ಇದ್ದಿರಬೇಕು.

ಅವಳು ಪ್ರತಿಯನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು. ಬಾಗಿಲ ತನಕ ಹೋದವಳು ನಿಂತಳು.

“ಮೂಟೆ ಅವ್ರ ತಲೆ ಮೇಲೇ ಇದ್ದಿದ್ರೆ, ಮೇಡಂ?”

“ಆಗಲೂ ಇದು ಕೊಲೆಯೇ ಕಣಮ್ಮ” ಎಂದೆ.

“ಹಂಗೇ ಬರೀತಿದ್ರಾ?”

ಖಂಡಿತ ಎಂದರೆ ಸುಳ್ಳಾಗುತ್ತಿತ್ತು. ಸತ್ತವನು ಒಳ್ಳೆಯವನೆಂದು ತೋರಿಸಿದರೆ ಮಾತ್ರ ನ್ಯಾಯ ಕೇಳಬಹುದೆಂದು ಮೂವತ್ತು ವರ್ಷ ನಂಬಿಕೊಂಡು ಬಂದವಳು ನಾನು. ಸತ್ತವನಿಗೆ ಚಾರಿತ್ರ್ಯ ಪ್ರಮಾಣಪತ್ರ ಬೇಕಿಲ್ಲ ಎಂಬ ಪಾಠವನ್ನು ನನ್ನ ವೃತ್ತಿ ನನಗೆ ಕಲಿಸಿದ್ದು ಆ ಬಾಗಿಲಲ್ಲಿ, ಒಬ್ಬ ಕೂಲಿ ಹೆಂಗಸಿನ ಬಾಯಿಂದ. ಉತ್ತರಕ್ಕಾಗಿ ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ಹೊರಟುಹೋದಳು.