ಹಟೋ ಅಂದರೆ ಹತ್ತೋ

ಶುಕ್ರವಾರ ಮಧ್ಯಾಹ್ನ ಸರಿಯಾಗಿ ಮೂರು ಗಂಟೆಗೆ ನನ್ನ ಹೆಂಡತಿ ನೀಲವ್ವ ಬಂಡೆ ಹತ್ತಿದಳು. ನಮ್ಮಿಬ್ಬರ ನಿದ್ದೆ ಕೆಟ್ಟದ್ದು ಆ ಗಳಿಗೆಯಿಂದ. ಹೊತ್ತು ನನಗೆ ಖಚಿತವಾಗಿ ಗೊತ್ತು. ಮಾವನವರು ಮದುವೆಯಲ್ಲಿ ಕೊಟ್ಟ ಗಡಿಯಾರಕ್ಕೆ ಕೀಲಿ ಕೊಡುತ್ತ ಅವಳ ಹಿಂದೆಯೇ ಬರುತ್ತಿದ್ದೆ. ಪಕ್ಕದ ಬಂಡೆಗೆ ಮದ್ದು ತುಂಬಿ ಬತ್ತಿಗೆ ಬೆಂಕಿ ಇಟ್ಟದ್ದು ಮಾತ್ರ ನಮಗೆ ಗೊತ್ತಿರಲಿಲ್ಲ.

ಸುರಪುರದವನಿಗೆ ಕಲ್ಲಿನ ಮೇಲೆ ಸಿಟ್ಟು ಬರಬಾರದು. ನಾವು ಹುಟ್ಟುವುದು ಕಲ್ಲಿನ ಮಾಳಿಗೆಯ ಕೆಳಗೆ, ಹರಟುವುದು ಕಲ್ಲಿನ ಕಟ್ಟೆಯ ಮೇಲೆ. ಭೀಮಾ ನದಿಯ ಕಡೆ ಹೋದರೆ ನೆಲದೊಳಗೆ ಪರಸಿ ಕಲ್ಲು, ಪುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಯಂತೆ ಪದರು ಪದರಾಗಿ ಮಲಗಿದೆ. ಹಾರೆ ಹಾಕಿ ಎಬ್ಬಿಸಿದರೆ ಸಾಕು, ಅಂಗಳಕ್ಕೂ ಆಯಿತು, ಮಾಳಿಗೆಗೂ ಆಯಿತು. ಶಹಾಪುರ, ಸುರಪುರದ ಗುಡ್ಡಗಳದು ಬೇರೆ ಸ್ವಭಾವ. ಇದು ಹಟಮಾರಿ ಕಗ್ಗಲ್ಲು. ಆದರೆ ಹಟಮಾರಿಗಳನ್ನು ಒಲಿಸಿಕೊಳ್ಳುವ ದಾರಿಯೂ ನಮ್ಮವರಿಗೆ ಗೊತ್ತಿತ್ತು. ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು, ಕಲ್ಲಿಗೆ ಮನಸ್ಸು ಬರುವವರೆಗೆ ಕಾಯುತ್ತಿದ್ದರು. ಯಾದಗಿರಿ ಕೋಟೆಯ ಗೋಡೆಗೆ ಕಲ್ಲು ಸೀಳಿದವರು ಯಾರ ಹೆಂಡತಿಯನ್ನೂ ಹೆದರಿಸಲಿಲ್ಲ.

ಕಾಯಲಾರದವರು ನಮ್ಮ ಕಾಲದ ದೊಡ್ಡವರು. ಹೈದರಾಬಾದಿನಿಂದ ಬರಲಿದ್ದ ಯಾರೋ ಅಧಿಕಾರಿಗೆ ಬಂಗಲೆ ಏಳಬೇಕಿತ್ತು, ಅದೂ ಬೇಸಗೆಯೊಳಗೆ; ಬೆಣೆ ಬಿಟ್ಟು ಮದ್ದು ತಂದರು. ಅವರು ಬಂದು ಇಳಿಯುವವರೆಗೂ ಗುಡ್ಡ ನಮ್ಮ ತಲೆಯ ಮೇಲೆ ಇಳಿಯಬೇಕು. ಇದು ಯಾವ ಊರಿನ ನ್ಯಾಯ?

ಮದ್ದು ಹಾರಿಸುವ ಮುಂಚೆ ಒಬ್ಬ ಗುಡ್ಡದ ಮೇಲೆ ನಿಂತು ಕೂಗಿ ಎಚ್ಚರಿಸುವುದು ವಾಡಿಕೆ. ಕೂಗುವ ಮೌಲಾಸಾಬ ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಮುದುಕ. ಆತ ಮೊದಲು ಕನ್ನಡದಲ್ಲೇ ಕೂಗುತ್ತಿದ್ದ. ಕೆಲಸದ ಮೇಲೆ ಬಂದ ಹೊಸ ಮುನ್ಶಿಗೆ ಅದು ಸರಿಬರಲಿಲ್ಲ. ಸರಕಾರಿ ಮದ್ದಿಗೆ ಸರಕಾರಿ ಭಾಷೆಯಾದ ಉರ್ದುವೇ ಆಗಬೇಕು, ‘ದೂರ ಸರಿಯಿರಿ’ ಎನ್ನುವ ಬದಲು ‘ಹಟೋ’ ಎಂದು ಕೂಗು ಎಂದು ಹುಕುಂ ಮಾಡಿದ.

ನೀಲವ್ವ ಕೃಷ್ಣೆಯ ಆಚೆ, ಮುದ್ದೇಬಿಹಾಳದ ಕಡೆಯವಳು. ಅಲ್ಲಿ ಇಂಗ್ರೇಜರ ಸರಕಾರ, ನಮ್ಮಲ್ಲಿ ಹೈದರಾಬಾದಿನದು; ಗದರಿಕೆಯ ಭಾಷೆಯೂ ಬೇರೆ. ಮದುವೆಯಾಗಿ ಬಂದು ಇನ್ನೂ ಒಂದು ಬೇಸಗೆ ಕಳೆದಿರಲಿಲ್ಲ. ಗುಡ್ಡದ ಹೊಂಡದ ನೀರಿಗೆಂದು ಕೊಡ ಹೊತ್ತು ಹೊರಟವಳಿಗೆ ಮೇಲಿನಿಂದ ಕೇಳಿಸಿದ್ದು ‘ಹತ್ತೋ! ಹತ್ತೋ!’ ತೋಳವೋ ಹುಚ್ಚುನಾಯಿಯೋ ಬಂದಿರಬೇಕು ಎಂದುಕೊಂಡು ಎದುರಿಗಿದ್ದ ಬಂಡೆಯನ್ನು ಸರಸರನೆ ಹತ್ತಿದಳು.

ಕೂಗಿದ್ದು ‘ಹಟೋ’ ಎಂದು ಶಾಲೆಯ ಮಾಸ್ತರನಾದ ನನಗೆ ತಿಳಿಯಿತು; ನನ್ನ ವಿದ್ಯೆಗೆ ಈಗ ಬೆಲೆ ಬರಬೇಕಿತ್ತು. ಆದರೆ ಶಾಲೆಯ ಕವಾಯತಿನಿಂದ ಕಾಲೇಜಿನವರೆಗೆ ನಾನು ಆಜ್ಞೆಗಳನ್ನೆಲ್ಲ ಕೇಳಿದ್ದು ಉರ್ದುವಿನಲ್ಲಿ. ಎದೆ ಒಡೆದಾಗ ಬಾಯಿಗೆ ಬಂದದ್ದೂ ಅದೇ. ‘ಉತರೋ!’ ಎಂದು ಕಿರುಚಿದೆ. ಇಳಿ ಎಂಬ ಎರಡಕ್ಷರದ ಮಾತು ನಾಲಿಗೆಗೆ ಹೊಳೆಯಲಿಲ್ಲ. ಗಂಡ ಏನೋ ದಿಕ್ಕು ಹೇಳುತ್ತಿದ್ದಾನೆ ಎಂದು ಆಕೆ ಕೊಡವನ್ನು ಅಲ್ಲೇ ಬಿಟ್ಟು, ಬಂಡೆಯ ಉತ್ತರದ ಮಗ್ಗುಲಿಗೆ ಜಾರಿ ಕೂತಳು. ಮದ್ದು ಸಿಡಿದದ್ದು ದಕ್ಷಿಣಕ್ಕೆ. ಧೂಳು ಇಳಿದಾಗ ಬಂಡೆಯ ಮೇಲಿದ್ದ ಹಿತ್ತಾಳೆಯ ಕೊಡ ಪರಾತದಂತೆ ಚಪ್ಪಟೆಯಾಗಿತ್ತು. ಆ ಕೊಡವನ್ನು ಈಗಲೂ ನಾನು ನೆಟ್ಟಗೆ ನೋಡಲಾರೆ.

ಸಿಟ್ಟಿನಿಂದ ಮುನ್ಶಿಯ ಮುಂದೆ ಹೋಗಿ ನಿಂತೆ. ಆತ ಎಲೆಯಡಿಕೆ ಜಗಿಯುತ್ತಲೇ, “ಹಟೋ ಅಂತ ಕೂಗಿದ್ದು ನಿಮ್ಮ ಮನ್ಯಾಗಿನವರಿಗೆ ಕೇಳಿಲ್ಲೇನ್ರಿ ಮಾಸ್ತರ?” ಎಂದ.

“ಕೇಳ್ಯಾದ್ರಿ. ಕೇಳಿದ್ದಕ್ಕ ಹತ್ಯಾಳ.”

“ಹಂಗಂದ್ರ ನಮ್ಮ ತಪ್ಪಿಲ್ಲ ಬಿಡ್ರಿ. ಹುಕುಂ ಬದಲಾಗಂಗಿಲ್ಲ.”

ಎಚ್ಚರಿಕೆ ಯಾರಿಗೆ ತಿಳಿಯಬೇಕೋ ಅವರಿಗೆ ತಿಳಿಯದಿದ್ದರೂ ಕೊಟ್ಟ ಹಾಗೆಯೇ ಆಯಿತಂತೆ. ಉಳಿದ ಹೊಂಡಗಳು ಬತ್ತಿದ್ದವು; ನೀರಿಗೆ ಆಕೆ ಅದೇ ದಾರಿಯಲ್ಲೇ ಹೋಗಬೇಕು. ಓಣಿಯ ಹೆಂಗಸರೂ ಅಷ್ಟೇ. ನಮಗೆ ನಿದ್ದೆ ಹೇಗೆ ಬರಬೇಕು?

ಎರಡು ದಿನ ಬಿಟ್ಟು ಮೌಲಾಸಾಬ ಮನೆಗೆ ಬಂದ. ಮುಖ ಬಾಡಿತ್ತು. “ಬೇಟಿ, ನನ್ನ ಬಾಯೇ ನಿನ್ನ ಕೊಲ್ತಿತ್ತು. ಇನ್ನ ಏನಂತ ಕೂಗ್ಲಿ, ನೀನೇ ಹೇಳು. ಹಟೋ ಅನ್ನಲಿಲ್ಲಂದ್ರ ಮುನ್ಶಿ ಕೆಲಸ ಬಿಡಿಸ್ತಾನ.”

ನಾನು ಅರ್ಜಿ, ಮೇಲಧಿಕಾರಿ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀಲವ್ವ ಅಡುಗೆಮನೆಯಿಂದಲೇ ಹೇಳಿದಳು:

“ಮೊದಲ ಮಂದೀಗೆ ‘ದೂರ ಓಡ್ರೆವ್ವಾ’ ಅನ್ರಿ ಕಾಕಾ. ಮಂದಿ ಎಲ್ಲಾ ಹೋದ ಮ್ಯಾಲ ಸರಕಾರಕ್ಕ ‘ಹಟೋ’ ಅನ್ರಿ.”

ಮೌಲಾಸಾಬ ನನ್ನ ಮುಖ ನೋಡಿದ. ನಾನು ಬಾಗಿಲ ಕಡೆ ನೋಡಿದೆ. ಆ ದಿನಗಳಲ್ಲಿ ಅಂಥ ಮಾತಿಗೆ ಜೈಲಿತ್ತು. ಆಮೇಲೆ ಮುದುಕ ಬಾಯಿಗೆ ರುಮಾಲು ಒತ್ತಿಕೊಂಡು ನಕ್ಕ.

ಬುಧವಾರ ಮಧ್ಯಾಹ್ನ ಗುಡ್ಡದ ಮೇಲಿನಿಂದ ‘ದೂರ ಓಡ್ರೆವ್ವಾ’ ಕೇಳಿಸಿತು. ಹೆಂಗಸರು ಕೊಡ ಹಿಡಿದು ಓಣಿಗೆ ಬಂದು ಸೇರಿದರು. ನೀಲವ್ವ ಎಲ್ಲರಿಗಿಂತ ಮುಂದಿದ್ದಳು. ಗುಡ್ಡದ ಬುಡದಲ್ಲಿ ಉಳಿದದ್ದು ಛತ್ರಿ ಹಿಡಿದ ಮುನ್ಶಿಯೊಬ್ಬನೇ. ಮೌಲಾಸಾಬ ಆತನ ಕಡೆಗೇ ತಿರುಗಿ, ಎದೆ ತುಂಬಿ ‘ಹಟೋ’ ಎಂದ. ಹುಕುಂ ನಡೆಯಿತೆಂದು ಮುನ್ಶಿ ತಲೆಯಾಡಿಸಿ, ತಾನೂ ದೂರ ಸರಿದ.

ಆ ಬುಧವಾರ ನಾವಿಬ್ಬರೂ ಕೋಳಿ ಕೂಗುವವರೆಗೆ ನಿದ್ದೆ ಮಾಡಿದೆವು.